ಕುಂಬಾರ ಮನೆಯ ಕೂಲಿ ಲೆಕ್ಕ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ಕೈಕಸುಬಿನಿಂದ ಬದುಕುವ ಕುಟುಂಬಗಳಿಗೆ ಮನೆಯಿಂದ ಬೇರೆಯಾದ ಕಾರ್ಖಾನೆ ಸಾಮಾನ್ಯವಾಗಿ ಇರುವುದಿಲ್ಲ. ಕುಂಬಾರರ ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಮನೆಯ ಮುಂದಿನ ಚಪ್ಪರದ ಕೆಳಗೆ ತಿರುಗುತ್ತದೆ, ಕಂಬಳಿ ನೇಯುವವರ ಮಗ್ಗ ಪಡಸಾಲೆಯ ಕುಣಿಯಲ್ಲಿ ಇರುತ್ತದೆ, ಮೇದಾರರು ಬಿದಿರನ್ನು ಹಿತ್ತಿಲಿನಲ್ಲಿಯೇ ಸೀಳುತ್ತಾರೆ. ಅಡುಗೆ, ಮಕ್ಕಳ ಪಾಲನೆ, ದನಕರುಗಳ ಆರೈಕೆ ನಡೆಯುವ ಜಾಗದಲ್ಲಿಯೇ ಸಂತೆಗೆ ಹೋಗುವ ಸರಕೂ ಸಿದ್ಧವಾಗುತ್ತದೆ. ಕೂಲಿಯಾಳುಗಳನ್ನು ಇಟ್ಟುಕೊಳ್ಳದೆ, ಮನೆಮಂದಿಯ ದುಡಿಮೆಯಿಂದ ಮತ್ತು ಮನೆಯದೇ ಸಣ್ಣ ಬಂಡವಾಳದಿಂದ ನಡೆಯುವ ಇಂತಹ ಉತ್ಪಾದನೆಯನ್ನು ಗೃಹೋದ್ಯಮ ಎಂದು ಕರೆಯುತ್ತಾರೆ. ಇಲ್ಲಿ ತಯಾರಾದ ವಸ್ತುವನ್ನು ಮಾಡಿದವರು ಯಾರು ಎಂದು ಕೇಳಿದರೆ ರೂಢಿಯ ಉತ್ತರವಾಗಿ ಬರುವುದು ಒಬ್ಬ ಗಂಡಸಿನ ಹೆಸರು. ಆದರೆ ಕೆಲಸದ ಹಂತಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಆ ವಸ್ತುವಿನ ಹಿಂದೆ ಒಂದು ಇಡೀ ಮನೆಯೇ ಇರುವುದು ಕಂಡುಬರುತ್ತದೆ. ಈ ಸೀಮೆಯ ಕಸುಬುಗಳಿಗೆ ಏಕೆ ಬೆಲೆ ಸಾಲದು, ಕಸುಬುದಾರರ ಮಕ್ಕಳು ಏಕೆ ಬೇರೆ ದಾರಿ ಹಿಡಿಯುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬಹುಮಟ್ಟಿಗೆ ಇಲ್ಲಿಯೇ, ಅಂದರೆ ಲೆಕ್ಕಕ್ಕೆ ಬಂದ ದುಡಿಮೆಗೂ ಬಾರದೆ ಉಳಿದ ದುಡಿಮೆಗೂ ಇರುವ ಅಂತರದಲ್ಲಿ ಹುಡುಕಬೇಕಾಗುತ್ತದೆ.

ಮಣ್ಣಿನಿಂದ ಗಡಿಗೆಯವರೆಗೆ

ಬೀದರ್ ಮತ್ತು ಹುಮನಾಬಾದಿನ ಎತ್ತರದ ನೆಲದಲ್ಲಿ ಜಂಬಿಟ್ಟಿಗೆ ಕಲ್ಲೂ ಅದರಿಂದ ಉಂಟಾದ ಕೆಂಪು ಮಣ್ಣೂ ಹೆಚ್ಚಾಗಿದ್ದರೆ, ಬಸವಕಲ್ಯಾಣದ ಕಡೆಗೆ ದಖ್ಖನದ ಅಗ್ನಿಶಿಲೆ ಸವೆದು ಆದ ಎರೆಮಣ್ಣು ಹರಡಿಕೊಂಡಿದೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಸ್ವಭಾವದ್ದಾದ್ದರಿಂದ ಜೋಳ, ಕಡಲೆ, ತೊಗರಿಗೆ ಒಳ್ಳೆಯದಾದರೂ ಗಡಿಗೆಗೆ ಅದೊಂದೇ ಒಗ್ಗುವುದಿಲ್ಲ. ಕೆರೆಯಂಗಳದಲ್ಲಿ ಮಳೆನೀರು ತಂದು ನಿಲ್ಲಿಸಿದ ನುಣುಪಾದ ಜೇಡಿಯನ್ನು ಆರಿಸಿ, ಅದಕ್ಕೆ ಮರಳನ್ನೋ ಬೂದಿಯನ್ನೋ ಹದವರಿತು ಬೆರೆಸುವುದು ಈ ಕಾರಣಕ್ಕಾಗಿಯೇ. ಬೆರಕೆ ಕಡಿಮೆಯಾದರೆ ಹಸಿ ಗಡಿಗೆ ಒಣಗುವಾಗಲೇ ಸೀಳುತ್ತದೆ, ಹೆಚ್ಚಾದರೆ ಮಣ್ಣಿನ ಜಿಗುಟು ಹೋಗಿ ತಿಗರಿಯ ಮೇಲೆ ಗೋಡೆ ಏಳುವುದಿಲ್ಲ. ಎಷ್ಟು ಬೆರೆಸಬೇಕೆಂಬುದನ್ನು ಅಳತೆಯಿಂದಲ್ಲದೆ ಬೆರಳ ನಡುವೆ ಹಿಚುಕಿ ನೋಡಿ ತಿಳಿಯುತ್ತಾರೆ.

ಮಣ್ಣು ತಂದು ಒಣಗಿಸಿ, ಹೆಂಟೆ ಒಡೆದು, ಹರಳು ಮತ್ತು ಬೇರುಗಳನ್ನು ಆರಿಸಿ, ನೆನೆಹಾಕಿ, ಕಾಲಿನಿಂದ ತುಳಿದು ಹದಮಾಡುವ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುವಂಥದಲ್ಲ. ಆಮೇಲೆ ಬರುವುದು ತಿಗರಿ. ಅದರ ಮೇಲೆ ಎತ್ತಿದ ಗಡಿಗೆಯು ಬಾಯಿ ಮತ್ತು ಕುತ್ತಿಗೆಯ ಮಟ್ಟಿಗೆ ಮಾತ್ರ ರೂಪ ಪಡೆದಿರುತ್ತದೆ. ತಳ ಇನ್ನೂ ದಪ್ಪವಾಗಿರುತ್ತದೆ. ತುಸು ಆರಿದ ಮೇಲೆ ಒಳಗಿನಿಂದ ದುಂಡುಗಲ್ಲನ್ನು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಹೊಟ್ಟೆಯನ್ನು ಹಿಗ್ಗಿಸಿ, ಗೋಡೆಯನ್ನು ತೆಳುವಾಗಿಸಿ, ದುಂಡು ತಳವನ್ನು ಕೂಡಿಸಬೇಕು. ಬಳಿಕ ಕೆಮ್ಮಣ್ಣಿನ ತಿಳಿಯನ್ನು ಬಳಿದು ನೆರಳಿನಲ್ಲಿ ಆರಿಸಿ, ಕೊನೆಗೆ ಆವಿಗೆಗೆ ಹಾಕುತ್ತಾರೆ. ಆವಿಗೆ ಎಂದರೆ ಮಡಕೆ ಸುಡುವ ಒಟ್ಟಿಲು: ಕುಳ್ಳು, ಹುಲ್ಲು, ಕಟ್ಟಿಗೆಗಳ ನಡುವೆ ಹಸಿ ಗಡಿಗೆಗಳನ್ನು ಸಾಲಾಗಿ ಜೋಡಿಸಿ, ಮೇಲೆ ಒಡೆದ ಬೋಕಿಗಳನ್ನೂ ಬೂದಿ ಮಣ್ಣನ್ನೂ ಮುಚ್ಚಿ ನಿಧಾನವಾಗಿ ಉರಿಸುವ ಈ ಕ್ರಮದಲ್ಲಿ ಕಾವು ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಅಷ್ಟು ಕಾವಿನಲ್ಲಿ ಮಣ್ಣು ಮತ್ತೆ ನೀರಿಗೆ ಕರಗದಷ್ಟು ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಮುಚ್ಚಿಹೋಗುವುದಿಲ್ಲ. ಉಳಿದುಕೊಂಡ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಒಸರಿ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುವುದರಿಂದಲೇ, ಬೀದರ್ ಸೀಮೆಯ ಒಣ ಬೇಸಿಗೆಯಲ್ಲಿ ಗಡಿಗೆಯ ನೀರು ತಂಪಾಗಿ ಉಳಿಯುತ್ತದೆ.

ಈ ಹಂತಗಳಲ್ಲಿ ತಿಗರಿಯ ಕೆಲಸವನ್ನು ರೂಢಿಯಂತೆ ಗಂಡಸರು ಮಾಡುತ್ತ ಬಂದಿದ್ದಾರೆ. ಮಣ್ಣು ಹಸನುಮಾಡುವುದು, ಕುಳ್ಳು ತಟ್ಟಿ ಒಣಗಿಸಿ ಕೂಡಿಡುವುದು, ಹಸಿ ಗಡಿಗೆಗಳನ್ನು ಬಿಸಿಲಿಗೂ ನೆರಳಿಗೂ ಎತ್ತಿಡುವುದು, ಕೆಮ್ಮಣ್ಣು ಬಳಿಯುವುದು, ಆವಿಗೆ ತುಂಬುವಾಗ ಕೈಗೂಡಿಸುವುದು, ಬುಟ್ಟಿಯಲ್ಲಿ ಹೊತ್ತು ಊರೂರಿಗೆ ಒಯ್ದು ಮಾರುವುದು, ಇವೆಲ್ಲದರಲ್ಲಿ ಹೆಂಗಸರ ಪಾಲು ದೊಡ್ಡದು. ವಯಸ್ಸಾದವರು ತಟ್ಟುವ ಕೆಲಸಕ್ಕೂ ಕಾವಲಿಗೂ ಒದಗುತ್ತಾರೆ. ಚಕ್ರದ ಮೇಲೆ ಗಡಿಗೆ ಏಳುವ ಕೆಲವು ನಿಮಿಷಗಳು ನೋಡುವವರ ಕಣ್ಣು ಸೆಳೆಯುತ್ತವೆಯಾದರೂ, ಗಡಿಗೆಗೆ ತಗಲುವ ಒಟ್ಟು ವೇಳೆಯಲ್ಲಿ ಅವು ಬಲು ಸಣ್ಣ ಭಾಗ.

ಆಯದಿಂದ ಸಂತೆಗೆ

ಹಿಂದಿನ ಗ್ರಾಮ ವ್ಯವಸ್ಥೆಯಲ್ಲಿ ಕುಂಬಾರ, ಬಡಗಿ, ಕಮ್ಮಾರ, ಅಗಸ, ನಾವಿಂದ ಮೊದಲಾದವರು ಆಯಗಾರರಾಗಿದ್ದರು. ಊರಿನ ರೈತಮನೆಗಳಿಗೆ ವರ್ಷವಿಡೀ ಬೇಕಾದ ಕೆಲಸವನ್ನು ಮಾಡಿಕೊಟ್ಟು, ರಾಶಿಯ ಕಾಲದಲ್ಲಿ ಕಣಕ್ಕೆ ಹೋಗಿ ಗೊತ್ತಾದ ಪಾಲಿನ ಕಾಳನ್ನು ಪಡೆಯುವ ಪದ್ಧತಿಗೆ ಆಯ ಎಂದು ಹೆಸರು; ಮರಾಠಿ ಸೀಮೆಯಲ್ಲಿ ಇದೇ ಪದ್ಧತಿಯನ್ನು ಬಲುತೆ ಎನ್ನುತ್ತಾರೆ. ಆಯವು ಜಾತಿಯ ಕಟ್ಟಿಗೆ ಒಳಪಟ್ಟಿದ್ದು, ಕಸುಬು ಬಿಡುವ ಸ್ವಾತಂತ್ರ್ಯವನ್ನೂ ಬೆಲೆ ಕೇಳುವ ಹಕ್ಕನ್ನೂ ಕಸುಬುದಾರನಿಗೆ ಕೊಡುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಅದರಲ್ಲಿ ಒಂದು ವಿಶೇಷವಿತ್ತು. ಕಾಳು ಸಲ್ಲುತ್ತಿದ್ದುದು ಬಿಡಿ ವಸ್ತುವಿಗೆ ಪ್ರತಿಯಾಗಿ ಅಲ್ಲ, ಇಡೀ ಮನೆಯ ವರ್ಷದ ದುಡಿಮೆಗೆ ಪ್ರತಿಯಾಗಿ. ಹಣದ ವ್ಯವಹಾರ ಬೆಳೆದು ಆಯ ಸಡಿಲವಾದ ಮೇಲೆ ಗಡಿಗೆಗೆ ಬಿಡಿ ಬೆಲೆ ಬಂತು. ಆ ಬೆಲೆಯಾದರೋ ಗಡಿಗೆಯ ಗಾತ್ರವನ್ನು ನೋಡಿ ನಿಂತಿತೇ ಹೊರತು ಅದರ ಹಿಂದಿನ ಕೈಗಳನ್ನು ಎಣಿಸಿ ಅಲ್ಲ.

ಅಲ್ಯೂಮಿನಿಯಂ, ಸ್ಟೀಲ್, ಪ್ಲಾಸ್ಟಿಕ್ ಪಾತ್ರೆಗಳು ಬಂದ ಬಳಿಕ ಅಡುಗೆಮನೆಯ ನಿತ್ಯದ ಬೇಡಿಕೆ ಕುಗ್ಗಿ, ಹಬ್ಬ ಮತ್ತು ಋತುಗಳನ್ನು ನೆಚ್ಚಿದ ಬೇಡಿಕೆ ಉಳಿದುಕೊಂಡಿದೆ. ಬೇಸಿಗೆಯಲ್ಲಿ ನೀರಿನ ಗಡಿಗೆ, ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜಿಸುವ ಜೋಡಿ ಎತ್ತುಗಳು, ನವರಾತ್ರಿಯ ಘಟಸ್ಥಾಪನೆಗೆ ಮಣ್ಣಿನ ಘಟ, ದೀಪಾವಳಿಗೆ ಪಣತಿ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಅಂಬಲಿ ಒಯ್ಯುವ ಗಡಿಗೆ, ಮದುವೆಗಳಿಗೆ ಬಣ್ಣ ಬರೆದ ಐರಣಿ ಗಡಿಗೆಗಳು, ಹೀಗೆ ಕುಂಬಾರ ಮನೆಯ ವರ್ಷ ಹರಿದು ಹಂಚಿಹೋಗಿರುತ್ತದೆ. ಐರಣಿಯನ್ನು ತರಲು ಮದುವೆಮನೆಯವರು ವಾದ್ಯದೊಂದಿಗೆ ಕುಂಬಾರರ ಮನೆಗೇ ಬರುವ ಪದ್ಧತಿ ಉತ್ತರ ಕರ್ನಾಟಕದ ಹಲವೆಡೆ ಇದ್ದು, ಆ ಹೊತ್ತಿನ ಮಟ್ಟಿಗೆ ಕಸುಬಿನ ಮನೆಗೆ ಮರ್ಯಾದೆಯೂ ಉಡುಗೊರೆಯೂ ಸಲ್ಲುತ್ತವೆ. ಮಳೆಗಾಲದಲ್ಲಿ ಮಾತ್ರ ಹಸಿ ಗಡಿಗೆ ಒಣಗದೆ, ಆವಿಗೆ ಹೊತ್ತದೆ ಕೆಲಸ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಹೊಲದ ಕೂಲಿಯೇ ಆಧಾರ.

ಮಾರುಕಟ್ಟೆಯ ದೃಷ್ಟಿಯಿಂದ ಈ ಸೀಮೆಗೆ ಅನುಕೂಲಗಳು ಇಲ್ಲದೆ ಇಲ್ಲ. ಪುಣೆ ಮತ್ತು ಹೈದರಾಬಾದುಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೂಲಕ ಹಾಯುತ್ತದೆ, ಬೀದರ್‌ನಿಂದ ಕಲಬುರಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಅಲ್ಲಿಯೇ ಅದನ್ನು ದಾಟುತ್ತದೆ. ವೀರಭದ್ರೇಶ್ವರ ಜಾತ್ರೆ ಮತ್ತು ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನಕ್ಕೆ ಬರುವ ಭಕ್ತರು ಹುಮನಾಬಾದಿಗೂ, ಶರಣರ ನೆಲೆಗಳನ್ನು ನೋಡಲು ಬರುವ ಯಾತ್ರಿಕರು ಬಸವಕಲ್ಯಾಣಕ್ಕೂ ಗಿರಾಕಿಗಳನ್ನು ತರುತ್ತಾರೆ. ಆದರೆ ಒಡೆಯುವ ಸರಕನ್ನು ದೂರ ಸಾಗಿಸುವುದು ಕಷ್ಟವಾದ್ದರಿಂದ ಗಡಿಗೆಯ ವ್ಯಾಪಾರ ಬಹುಪಾಲು ಸುತ್ತಲಿನ ಸಂತೆಗಳಿಗೆ ಸೀಮಿತವಾಗಿದೆ.

ಉಣ್ಣೆಯ ಮನೆಗಳು

ಒಂದೇ ಮನೆಯೊಳಗೆ ಕೆಲಸ ಹಂಚಿಹೋಗುವ ಬಗೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಕಸುಬು ಕಂಬಳಿ ನೇಯ್ಗೆ. ದಖ್ಖನಿ ಎಂಬ ಕುರಿತಳಿಯ ಒರಟಾದ ಕಪ್ಪು ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ಕಸ ಬಿಡಿಸಿ, ಬಿಲ್ಲಿನ ನಾರಿಯಿಂದ ಹಿಂಜಿ ಹಗುರಗೊಳಿಸುತ್ತಾರೆ. ಅದನ್ನು ರಾಟಿಯಲ್ಲಿ ನೂಲುವುದು ಬಹುತೇಕ ಹೆಂಗಸರ ಕೆಲಸ. ಹಾಸಿದ ನೂಲಿಗೆ ಹುಣಸೆ ಬೀಜವನ್ನು ಹುರಿದು, ಬೀಸಿ, ಕುದಿಸಿ ಮಾಡಿದ ಗಂಜಿಯನ್ನು ಹಚ್ಚಿ ಎಳೆಗಳನ್ನು ಬಿಗಿಗೊಳಿಸಿದ ಮೇಲಷ್ಟೇ ಕುಣಿಮಗ್ಗದಲ್ಲಿ, ಅಂದರೆ ನೇಯುವವನು ಕಾಲನ್ನು ನೆಲದ ಗುಂಡಿಯೊಳಗೆ ಇಳಿಬಿಟ್ಟು ಕೂರುವ ಮಗ್ಗದಲ್ಲಿ, ನೇಯ್ಗೆ ಆರಂಭವಾಗುತ್ತದೆ. ಹೀಗೆ ತಯಾರಾದ ಕಂಬಳಿಗೆ ಹಾಲುಮತದವರ, ಅಂದರೆ ಕುರುಬರ, ಆಚರಣೆಗಳಲ್ಲಿ, ಬೀರಪ್ಪ ಮತ್ತು ಮೈಲಾರ ದೈವಗಳ ಪೂಜೆಯಲ್ಲಿ ವಿಶೇಷ ಸ್ಥಾನವಿದೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಕ್ಷೇತ್ರ ಈ ಸೀಮೆಗೆ ಹತ್ತಿರದ್ದು.

ಕಂಬಳಿ ಹಿಂದೆ ಬಿದ್ದುದಕ್ಕೆ ಗಿರಣಿಯ ಅಗ್ಗದ ಹೊದಿಕೆಗಳು ಒಂದು ಕಾರಣವಾದರೆ, ಕುರಿಸಾಕಣೆಯ ಲೆಕ್ಕಾಚಾರ ಬದಲಾದುದು ಇನ್ನೊಂದು. ಮಾಂಸದ ಬೆಲೆ ಏರಿದಂತೆ ಉಣ್ಣೆಯಿಲ್ಲದ, ಬೇಗ ತೂಕ ಬರುವ ತಳಿಗಳತ್ತ ಕುರಿಗಾರರು ಹೊರಳಿದರು, ದಖ್ಖನಿ ಹಿಂಡುಗಳೂ ಅವುಗಳೊಡನೆ ಬೆರಕೆಯಾದವು. ಉಣ್ಣೆ ಕೊಳ್ಳುವವರಿಲ್ಲದಾಗ ಕತ್ತರಿಸುವುದೇ ಹೊರೆಯೆನಿಸಿತು. ನೂಲುವವರಿಗೆ ಉಣ್ಣೆ ಸಿಗದಾದಾಗ ಮಗ್ಗ ನಿಂತಿತು. ಒಂದು ಕಂಬಳಿಗೆ ಬೇಕಾಗುವ ವೇಳೆಯಲ್ಲಿ ಹಿಂಜುವುದಕ್ಕೂ ನೂಲುವುದಕ್ಕೂ ದೊಡ್ಡ ಪಾಲು ಹೋಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ, ಏಕೆಂದರೆ ಮನೆಯ ಹೆಣ್ಣುಮಕ್ಕಳು ಕೂಲಿ ಸಿಗುವ ಬೇರೆ ಕೆಲಸಕ್ಕೆ ಹೋದೊಡನೆ ಮಗ್ಗಕ್ಕೆ ನೂಲೇ ಇಲ್ಲದಾಗುತ್ತದೆ. ಹೊರಗಿನಿಂದ ನೂಲು ಕೊಂಡು ನೇಯ್ದರೆ ಕಂಬಳಿಯ ಬೆಲೆ ಗಿರಾಕಿಯ ಕೈಗೆಟುಕುವುದಿಲ್ಲ. ಮನೆಯ ನೂಲಿಗೆ ಕೂಲಿ ಕಟ್ಟದಿದ್ದುದರಿಂದಲೇ ಕಂಬಳಿ ಇಷ್ಟು ಕಾಲ ಅಗ್ಗವಾಗಿ ಉಳಿದಿತ್ತು.

ಕಲ್ಯಾಣದ ಹಳೆಯ ಎಣಿಕೆ

ಕಸುಬಿನ ಮನೆಯಲ್ಲಿ ಯಾರ ದುಡಿಮೆಯ ಗಳಿಕೆ ಯಾರದು ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಇಂದಿನ ಬಸವಕಲ್ಯಾಣದಿಂದ ಆಳಿದ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು ಅವಿಭಕ್ತ ಕುಟುಂಬದ ಆಸ್ತಿಯನ್ನು ಕುರಿತ ವಿಚಾರಕ್ಕಾಗಿ ಮುಂದೆ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅದರ ಮುಖ್ಯ ನಿಲುವು. ಅದರೊಡನೆ ವಿದ್ಯಾಧನದ, ಅಂದರೆ ಕಲಿತ ವಿದ್ಯೆಯಿಂದ ಬಂದ ಗಳಿಕೆಯ ಚರ್ಚೆಯೂ ಅಲ್ಲಿದೆ: ಮನೆಯ ಆಸ್ತಿಗೆ ನಷ್ಟವಾಗದಂತೆ ಗಳಿಸಿದ್ದು ಗಳಿಸಿದವನದು, ಮನೆಯ ಖರ್ಚಿನಲ್ಲಿ ಬಂದದ್ದು ಎಲ್ಲರದು ಎಂಬ ವಿಂಗಡಣೆ ಅದರ ತಿರುಳು. 1930ರಲ್ಲಿ ಬ್ರಿಟಿಷ್ ಭಾರತದಲ್ಲಿ ಬಂದ ಕಾಯಿದೆಯೊಂದು ವಿದ್ಯೆಯ ಗಳಿಕೆ ಗಳಿಸಿದವನದೇ ಎಂದು ತೀರ್ಮಾನಿಸಿತು, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು. ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರನ ಹೆಸರಿನ ಗವಿಯನ್ನು ಇಂದಿಗೂ ತೋರಿಸುತ್ತಾರೆ.

ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಪ್ರಶ್ನೆಯನ್ನು ಆಸ್ತಿಯ ಕಡೆಯಿಂದ ದುಡಿಮೆಯ ಕಡೆಗೆ ತಿರುಗಿಸಿದರು. ಕಾಯಕವೆಂದರೆ ಪ್ರತಿಯೊಬ್ಬರೂ ತಮ್ಮ ಕೈಯಾರೆ ಸತ್ಯಶುದ್ಧವಾಗಿ ಮಾಡುವ ಕೆಲಸ. ಅದರಿಂದ ಬಂದುದನ್ನು ಸಮುದಾಯದೊಡನೆ ಹಂಚಿಕೊಳ್ಳುವುದು ದಾಸೋಹ. ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ ಮೊದಲಾದವರು ತಮ್ಮ ಕೆಲಸದಿಂದಲೇ ಗುರುತಿಸಲ್ಪಟ್ಟವರು. ನುಲಿಯ ಚಂದಯ್ಯನ ಗವಿ ಬಸವಕಲ್ಯಾಣದಲ್ಲಿದೆ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಗ್ರಾಮವನ್ನು ಮಾರಯ್ಯನ ನೆಲೆಯೆಂದು ಜನ ನಂಬುತ್ತಾರೆ. ಕುಂಬಾರಿಕೆಯ ಮಟ್ಟಿಗೆ ಇನ್ನೂ ಹತ್ತಿರದ ಹೆಸರು ಭಲ್ಲುಕೆಯ, ಅಂದರೆ ಇಂದಿನ ಭಾಲ್ಕಿಯ ಕುಂಬಾರ ಗುಂಡಯ್ಯನದು. ಗಡಿಗೆ ತಟ್ಟುವ ಸದ್ದಿಗೆ ಶಿವನೇ ಕುಣಿದನೆಂಬ ಅವನ ಕಥೆಯನ್ನು ಹರಿಹರನು ರಗಳೆಯಾಗಿ ಬರೆದಿದ್ದಾನೆ. ಮಣ್ಣು, ತಿಗರಿ, ಹಲಗೆಗಳನ್ನು ಹಿಡಿದು ಮಾಡುವ ಬಡ ಕಸುಬು ಅರಮನೆಯ ಕವಿತೆಯ ಸಾಮಗ್ರಿಗೆ ಸಮನಾಗಿ ನಿಂತ ಸಂದರ್ಭವದು.

ಗುಂಡಯ್ಯನ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಆದರೆ ಹಸ್ತಪ್ರತಿಗಳಲ್ಲಿ ಆಕೆ ಗುಂಡಯ್ಯಗಳ ಪುಣ್ಯಸ್ತ್ರೀ, ಅಂದರೆ ಧರ್ಮಪತ್ನಿ, ಎಂದೇ ಗುರುತಾಗಿದ್ದಾಳೆ. ಇದಕ್ಕೆ ಭಿನ್ನವಾಗಿ ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂಬ ಹೆಸರುಗಳಲ್ಲಿ ನೂಲುವ ಕೆಲಸವೂ ಕುಟ್ಟುವ ಕೆಲಸವೂ ಆ ಹೆಣ್ಣುಮಕ್ಕಳ ಸ್ವಂತ ಕಾಯಕಗಳಾಗಿ ನಿಂತಿವೆ. ಗಂಡ ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚೆಂದು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗದಲ್ಲಿ, ಮನೆಯ ಗಳಿಕೆಯ ನ್ಯಾಯಾನ್ಯಾಯವನ್ನು ತೀರ್ಮಾನಿಸುವ ಅಧಿಕಾರ ಹೆಂಡತಿಗೆ ಸಮನಾಗಿ ಸಂದಿದೆ. ಹೆಣ್ಣಿನ ದುಡಿಮೆಯನ್ನು ಗಂಡನ ದುಡಿಮೆಯ ಪರಿಶಿಷ್ಟವಾಗಿ ಕಾಣುವ ಕ್ರಮ, ಅದಕ್ಕೆ ಅದರದೇ ಹೆಸರು ಕೊಡುವ ಕ್ರಮ, ಎರಡೂ ಹೀಗೆ ಒಂದೇ ಚಳವಳಿಯ ಒಳಗೆ ಇದ್ದವು. ಇಂದಿನ ಕಸುಬಿನ ಮನೆಗಳ ಮುಂದಿರುವ ಆಯ್ಕೆಯೂ ಅದೇ ಆಗಿದೆ.

ನಲವತ್ತೆಂಟು ದಿನಗಳು

ದುಡಿಮೆಯನ್ನು ಎಣಿಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಒಂದು ಮನೆಯ ನಾಲ್ವರು 12 ದಿನ ದುಡಿದು 200 ಗಡಿಗೆಗಳ ಆವಿಗೆ ಹಾಕಿದರೆಂದೂ, 20 ಒಡೆದು 180 ಉಳಿದವೆಂದೂ, ಸಗಟಿನಲ್ಲಿ ಒಂದಕ್ಕೆ 100 ರೂಪಾಯಿ ಬಂತೆಂದೂ ಇಟ್ಟುಕೊಂಡರೆ ಒಟ್ಟು 18,000 ರೂಪಾಯಿ ಆಗುತ್ತದೆ. ಮಣ್ಣಿನ ಸಾಗಣೆ, ಉರುವಲು ಮೊದಲಾದವಕ್ಕೆ 5,000 ರೂಪಾಯಿ ತೆಗೆದರೆ ಉಳಿಯುವುದು 13,000. ತಿಗರಿ ಹಿಡಿದವನೊಬ್ಬನ 12 ದಿನಗಳಿಗೆ ಇದನ್ನು ಹಂಚಿದರೆ ದಿನಕ್ಕೆ 1,083 ರೂಪಾಯಿಯಾಗಿ, ಕಸುಬು ಲಾಭದಾಯಕವೆನಿಸುತ್ತದೆ. ನಾಲ್ವರ 48 ದಿನಗಳಿಗೆ ಹಂಚಿದರೆ ಬರುವುದು ಸುಮಾರು 271 ರೂಪಾಯಿ ಮಾತ್ರ. ಉದ್ಯೋಗ ಖಾತರಿ ಯೋಜನೆಯಲ್ಲಿ 2024–25ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 349 ರೂಪಾಯಿ. ಅಂದರೆ ತಲೆಮಾರುಗಳ ಕೌಶಲ ಬೇಡುವ ಕೆಲಸ, ಕೌಶಲ ಬೇಡದ ಮಣ್ಣು ಹೊರುವ ಕೂಲಿಗಿಂತ ಕಡಿಮೆ ತರುತ್ತದೆ. ನಾಲ್ವರಿಗೂ ಆ 349 ರೂಪಾಯಿಯನ್ನೇ ಕಟ್ಟಿಕೊಡಬೇಕಾದರೆ ಗಡಿಗೆಯ ಬೆಲೆ 121 ರೂಪಾಯಿ ಆಗಬೇಕು. ಬಿಟ್ಟುಹೋದ ಈ 21 ರೂಪಾಯಿಯನ್ನು ಗಿರಾಕಿಯೂ ಕೊಡುವುದಿಲ್ಲ, ಸಗಟು ವ್ಯಾಪಾರಿಯೂ ಕೊಡುವುದಿಲ್ಲ. ಮನೆಯವರೇ ತಮ್ಮ ದುಡಿಮೆಯ ರೂಪದಲ್ಲಿ ಭರಿಸುತ್ತಾರೆ.

ರಷ್ಯದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೋವ್ 1920ರ ದಶಕದಲ್ಲಿ ರೈತ ಕುಟುಂಬಗಳನ್ನು ಕುರಿತು ಬರೆಯುತ್ತ ಇಂಥ ನಡೆವಳಿಕೆಯನ್ನು ವಿವರಿಸಿದ್ದನು. ಕೂಲಿಯಾಳನ್ನು ಇಟ್ಟ ಉದ್ಯಮವು ಕೂಲಿ ಹುಟ್ಟದಿದ್ದರೆ ಬಾಗಿಲು ಹಾಕುತ್ತದೆ. ಕುಟುಂಬವಾದರೋ ಮನೆಮಂದಿಯ ಹೊಟ್ಟೆ ತುಂಬುವವರೆಗೆ, ತನ್ನ ದುಡಿಮೆಗೆ ಬೆಲೆ ಕಟ್ಟದೆ, ಎಷ್ಟು ಕಡಿಮೆ ಪ್ರತಿಫಲಕ್ಕಾದರೂ ದುಡಿಯುತ್ತ ಹೋಗುತ್ತದೆ ಎಂಬುದು ಅವನ ವಾದ. ಗೃಹೋದ್ಯಮ ಬರಗಾಲದಲ್ಲಿಯೂ ಉಳಿಯುವುದು ಇದರಿಂದಲೇ, ಸುಗ್ಗಿಯಲ್ಲಿಯೂ ಬೆಳೆಯದಿರುವುದು ಇದರಿಂದಲೇ. ಆದರೆ ಮನೆಯ ಪ್ರತಿಯೊಬ್ಬರಿಗೂ ಹೊರಗೆ ಕೂಲಿಯ ಅವಕಾಶ ತೆರೆದ ದಿನ ಈ ತಾಳಿಕೆ ಮುರಿಯುತ್ತದೆ. ಬಸವಕಲ್ಯಾಣ ಲಾರಿಗಳ ವ್ಯವಹಾರಕ್ಕೂ ಲಾರಿಯ ಬಾಡಿ ಕಟ್ಟುವ ಕೆಲಸಕ್ಕೂ ಹೆಸರಾದ ಊರು. ಹಲಗೆ ಕೂಡಿಸುವುದು, ಕಬ್ಬಿಣ ಬಗ್ಗಿಸುವುದು, ಬಣ್ಣದಲ್ಲಿ ಬರೆಯುವುದು ಬಡಗಿ, ಕಮ್ಮಾರ, ಚಿತ್ರಗಾರರ ಕೌಶಲಗಳೇ ಆದರೂ ಅಲ್ಲಿ ಅವಕ್ಕೆ ದಿನದ ಲೆಕ್ಕದಲ್ಲಿ ಪಗಾರ ಸಿಗುತ್ತದೆ. ಕಸುಬಿನ ಮನೆಯ ಯುವಕನು ಊರು ಬಿಟ್ಟು ಹೋಗುವುದು ಕೈಕೆಲಸದ ಮೇಲಿನ ತಿರಸ್ಕಾರದಿಂದ ಎನ್ನುವುದಕ್ಕಿಂತ, ಕೈಕೆಲಸಕ್ಕೆ ಕೂಲಿ ಎಣಿಸುವ ಜಾಗವನ್ನು ಹುಡುಕಿಕೊಂಡು ಎನ್ನುವುದು ಹೆಚ್ಚು ಸರಿ.

ದಾಖಲೆಯಲ್ಲಿ ಯಾರಿದ್ದಾರೆ?

ಸರ್ಕಾರದ ದಾಖಲೆಗಳೂ ಈ ವಿಷಯದಲ್ಲಿ ಒಂದೇ ಬಗೆಯವಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಕುಂಬಾರಿಕೆ, ಬುಟ್ಟಿ ಹೆಣಿಗೆ, ಕಮ್ಮಾರಿಕೆ, ಬಡಗಿತನ ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ನೋಂದಾಯಿತ ಕುಶಲಕರ್ಮಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಾಗಿ 15,000 ರೂಪಾಯಿವರೆಗಿನ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿ ಸಿಗುತ್ತದೆ. ಆದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳನ್ನು ಒಂದು ಕುಟುಂಬವೆಂದು ಹಿಡಿದು, ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಪ್ರಯೋಜನ ಎಂಬ ನಿಯಮ ಇದರಲ್ಲಿದೆ. ನೆರವು ಹೆಚ್ಚು ಮನೆಗಳಿಗೆ ತಲುಪಲಿ ಎಂಬ ದೃಷ್ಟಿಯಿಂದ ಈ ನಿಯಮಕ್ಕೆ ಸಮರ್ಥನೆಯಿದೆ. ಫಲವಾಗಿ ಮಾತ್ರ ನಾಲ್ವರು ದುಡಿಯುವ ಮನೆಯಿಂದ ಕುಶಲಕರ್ಮಿ ಎಂಬ ಗುರುತು ಒಬ್ಬರಿಗೇ ದೊರೆಯುತ್ತದೆ, ರೂಢಿಯ ಬಲದಿಂದ ಆ ಒಬ್ಬರು ಮನೆಯ ಯಜಮಾನರೇ ಆಗುವ ಸಂಭವ ಹೆಚ್ಚು.

ಇದಕ್ಕೆ ಎದುರಾಗಿ 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯನ್ನು ಇಡಬಹುದು. ಅದು ಮಗ್ಗದ ಮೇಲೆ ಕೂರುವ ನೇಕಾರರನ್ನಷ್ಟೇ ಅಲ್ಲದೆ ನೂಲು ಸುತ್ತುವುದು, ಹಾಸು ಹೂಡುವುದು, ಗಂಜಿ ಹಾಕುವುದು ಮೊದಲಾದ ಕೆಲಸ ಮಾಡುವ ಪೂರಕ ಕೆಲಸಗಾರರನ್ನೂ ಬೇರೆಯಾಗಿ ಎಣಿಸಿತು. ಆಗ ದೊರೆತ ಒಟ್ಟು 35.22 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಶೇ 70ಕ್ಕಿಂತ ಹೆಚ್ಚಿನವರು ಮಹಿಳೆಯರು. ನೇಯ್ಗೆಯನ್ನು ಗಂಡಸರ ಕಸುಬೆಂದು ತಿಳಿದಿದ್ದವರಿಗೆ ಈ ಅಂಕಿ ಅಚ್ಚರಿ ತರಬಹುದು. ಮಗ್ಗದ ಮುಂಚಿನ ಕೆಲಸವನ್ನೂ ಕೆಲಸವೆಂದು ಬರೆದುಕೊಂಡಾಗ ಮನೆಯ ಚಿತ್ರ ಇನ್ನಷ್ಟು ಪೂರ್ಣವಾಗುತ್ತದೆ.

ಜಿಲ್ಲೆಯ ಜಗತ್ಪ್ರಸಿದ್ಧ ಕಲೆಯಾದ ಬಿದ್ರಿಯೂ ಇಲ್ಲಿ ಒಂದು ಪಾಠ ಕೊಡುತ್ತದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ನಯಮಾಡಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂಡಿಸಿ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಲೋಹವನ್ನು ಕಪ್ಪಾಗಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಊರಿನ ಹೆಸರನ್ನು ಆ ಊರಿನ ಉತ್ಪನ್ನಕ್ಕೆ ಮಾತ್ರ ಬಳಸುವ ಕಾನೂನಿನ ರಕ್ಷಣೆ, ದೊರೆಯಿತು. 2023ರಲ್ಲಿ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಬಿದ್ರಿಯ ಕೆಲಸದಲ್ಲಿ ಎರಕ, ಕೆತ್ತನೆ, ಬೆಳ್ಳಿ ಕೂಡಿಸುವಿಕೆ ಎಂದು ಹಂತಗಳಿಗೆ ಹೆಸರಿದೆ. ಹಂತಕ್ಕೊಬ್ಬ ಕುಶಲಿ ಇರುವ ಕಾರ್ಖಾನೆಯಲ್ಲಿ ಪ್ರತಿ ಹಂತಕ್ಕೂ ಕೂಲಿ ನಿಗದಿಯಾಗುವುದು ಸಾಧ್ಯ. ಗಡಿಗೆಯ ಹಂತಗಳೂ ಕಡಿಮೆಯೇನಲ್ಲ, ಆದರೆ ಅವು ಒಂದೇ ಸೂರಿನಡಿ, ಒಂದೇ ಮನೆತನದೊಳಗೆ ನಡೆಯುವುದರಿಂದ ಹೆಸರಿಲ್ಲದೆ ಕರಗಿಹೋಗಿವೆ.

ಬದಲಾವಣೆಯ ದಾರಿಗಳು

ಈ ಸ್ಥಿತಿ ಬದಲಾಗಲು ಬೇಕಾದ ಕೆಲವು ಸಾಧನಗಳು ಜಿಲ್ಲೆಯಲ್ಲಿಯೇ ಇವೆ. ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಿಂದ ಸ್ವಸಹಾಯ ಗುಂಪುಗಳನ್ನು ಕಟ್ಟಿ ಸಾಲ ಕೊಡುವುದರಲ್ಲಿ ನಾಡಿನಾಚೆಗೂ ಹೆಸರು ಮಾಡಿತು. ಹೆಣ್ಣುಮಕ್ಕಳ ಗುಂಪಿನ ಸಾಲ ಹೆಣ್ಣಿನ ಹೆಸರಿನಲ್ಲಿಯೇ ಬರುವುದರಿಂದ, ಉರುವಲಿಗೋ ಉಣ್ಣೆಗೋ ಆ ಹಣ ಹೂಡಿದ ಹೆಂಗಸು ಗಳಿಕೆಯಲ್ಲಿ ತನ್ನ ಪಾಲನ್ನು ಲೆಕ್ಕದ ಪುಸ್ತಕ ತೋರಿಸಿ ಕೇಳಬಲ್ಲಳು. ತಂತ್ರಜ್ಞಾನವೂ ಒಂದು ಕಟ್ಟುಪಾಡನ್ನು ಸಡಿಲಿಸುತ್ತಿದೆ. ಭಾರವಾದ ತಿಗರಿಯನ್ನು ಕೋಲಿನಿಂದ ತಿರುಗಿಸುವ ಶ್ರಮವನ್ನು ವಿದ್ಯುತ್ ತಿಗರಿ ಇಲ್ಲವಾಗಿಸಿದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅಂಥ ಚಕ್ರಗಳನ್ನು ತರಬೇತಿಯೊಡನೆ ಹಂಚುತ್ತಿದೆ. ಅದರದೇ ಕುಂಬಾರಿಕೆ ಸಂಸ್ಥೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ. ಬಲದ ನೆಪ ಹೋದ ಮೇಲೆ ಹೆಂಗಸರು ತಿಗರಿಯ ಮುಂದೆ ಕೂರಬಾರದೆಂಬುದಕ್ಕೆ ಹಳೆಯ ರೂಢಿಯ ಹೊರತು ಬೇರೆ ಆಧಾರ ಉಳಿಯುವುದಿಲ್ಲ.

ಇಷ್ಟರ ಮೇಲೆ ಕಸುಬಿನ ಮನೆ ತಾನೇ ಮಾಡಿಕೊಳ್ಳಬಹುದಾದ ಮೊದಲ ಕೆಲಸವೆಂದರೆ ಆವಿಗೆಯಿಂದ ಆವಿಗೆಗೆ, ಕಂಬಳಿಯಿಂದ ಕಂಬಳಿಗೆ, ಯಾರು ಎಷ್ಟು ದಿನ ದುಡಿದರೆಂದು ಬರೆದಿಡುವುದು. ಎಲ್ಲರ ಕೂಲಿಯನ್ನು ಸೇರಿಸಿದ ಬೆಲೆಯನ್ನು ಸಂತೆ ಒಮ್ಮೆಗೇ ಒಪ್ಪದಿರಬಹುದು. ಪ್ಲಾಸ್ಟಿಕ್ ಕೊಡದೊಡನೆ ಪೈಪೋಟಿಗೆ ನಿಂತ ಗಡಿಗೆಗೆ 21 ರೂಪಾಯಿಯ ಏರಿಕೆಯೂ ದೊಡ್ಡದೇ. ಆದರೆ ಯಾವ ವಸ್ತುವಿನಲ್ಲಿ ಮನೆಯ ದುಡಿಮೆ ನಷ್ಟವಾಗುತ್ತಿದೆ, ಯಾವುದರಲ್ಲಿ ಉಳಿಯುತ್ತಿದೆ ಎಂಬುದು ಗೊತ್ತಾದರೆ, ಯಾವುದನ್ನು ಬಿಡಬೇಕು ಯಾವುದನ್ನು ಬೆಳೆಸಬೇಕು ಎಂಬ ತೀರ್ಮಾನ ಕುಟುಂಬದ ಕೈಗೆ ಬರುತ್ತದೆ. ವಿಶ್ವಕರ್ಮ ಯೋಜನೆಯ ಕುಟುಂಬಕ್ಕೆ ಒಬ್ಬರೆಂಬ ನಿಯಮವನ್ನು ಸಡಿಲಿಸಿ, ಸಾಲವನ್ನು ಮನೆಗೊಂದೇ ಇಟ್ಟರೂ ಕುಶಲಕರ್ಮಿಯ ಗುರುತಿನ ಚೀಟಿಯನ್ನು ದುಡಿಯುವ ಎಲ್ಲರಿಗೂ ಕೊಡುವುದು ಸರ್ಕಾರಕ್ಕೆ ಹೆಚ್ಚಿನ ಖರ್ಚಿನ ಮಾತಲ್ಲ. ಗುರುತು ಸಿಕ್ಕವರಿಗೆ ತರಬೇತಿ, ಮೇಳ, ಪಿಂಚಣಿಗಳ ಬಾಗಿಲು ತೆರೆಯುವುದರಿಂದ ಅದರ ಪರಿಣಾಮ ದೊಡ್ಡದು. ಕಸುಬನ್ನು ಉಳಿಸಬೇಕೆಂಬ ಮಾತನ್ನು ಪರಂಪರೆಯ ಹೆಸರಿನಲ್ಲಿ ಆಡುವವರು ಬಹಳ. ಗಡಿಗೆ ಅಗ್ಗವಾಗಿರಲಿ, ಕುಂಬಾರರ ಮಕ್ಕಳು ತಿಗರಿಯನ್ನೂ ಬಿಡದಿರಲಿ ಎಂಬ ಎರಡು ಬಯಕೆಗಳು ಒಟ್ಟಿಗೆ ಈಡೇರುವುದಿಲ್ಲ. ನಾಲ್ವರ ದುಡಿಮೆಗೂ ಕೂಲಿ ಹುಟ್ಟಿದ ಮನೆಯಲ್ಲಿ ಮಾತ್ರ ಮುಂದಿನ ತಲೆಮಾರು ಕಸುಬನ್ನು ತನ್ನದಾಗಿ ಆರಿಸಿಕೊಳ್ಳಬಲ್ಲದು.